ಹಲಗೆಯ ಮೇಲಿನ ಎರಡು ನೆರಳು

"ಕನ್ನಡಕ ಸಿಗವಲ್ದು," ಎಂದರು ಮುದ್ಗಲಾಚಾರ್ಯರು.

ಕನ್ನಡಕ ಅವರ ಮೂಗಿನ ಮೇಲೆಯೇ ಇತ್ತು. ಫೌಜದಾರ ವಿಠೋಬಾ ಅದನ್ನೇ ನೋಡಿದ. ಅವನು ನೋಡಿದ್ದನ್ನು ಆಚಾರ್ಯರೂ ನೋಡಿದರು.

"ಇದು ದೂರದ್ದು. ಓದೋದು ಬ್ಯಾರೆ ಅದ."

"ಹುಡುಕ್ರಿ. ನಾ ಕುಂತಿರ್ತೀನಿ."

ಕೂತಿರುತ್ತೇನೆ ಎಂದನೇ ಹೊರತು ಸುಮ್ಮನೆ ಕೂಡುವುದು ವಿಠೋಬಾನ ಜಾಯಮಾನದಲ್ಲೇ ಇರಲಿಲ್ಲ. ಬೆಟಗೇರಿಯ ನೇಕಾರರ ಮನೆಯಲ್ಲಿ ಹುಟ್ಟಿದವನು. ಚಿಕ್ಕಂದಿನಲ್ಲಿ ಕುಣಿಮಗ್ಗದೊಳಗೆ ಕಾಲು ಇಳಿಬಿಟ್ಟು ಕಲಿತ ಚಾಳಿ, ಖಾಕಿ ತೊಟ್ಟ ಮೇಲೂ ಬಿಟ್ಟಿರಲಿಲ್ಲ. ತಲೆಯಲ್ಲಿ ಏನಾದರೂ ಕೊರೆಯತೊಡಗಿದರೆ ಬಲಗಾಲು ತನ್ನಷ್ಟಕ್ಕೆ ತಾನು ನೆಲ ತುಳಿಯುತ್ತಿತ್ತು. ಲಕ್ಷ್ಮೇಶ್ವರದ ಈ ಹಳೆಯ ಪಡಸಾಲೆಯ ಕಟ್ಟೆಯ ಮೇಲೆ ಕೂತಾಗಿನಿಂದ ಅದು ತುಳಿಯುತ್ತಲೇ ಇತ್ತು.

ನಿನ್ನೆ ವಿಜಯದಶಮಿಯ ಪೂಜೆ ಮುಗಿಯುತ್ತಿದ್ದಂತೆ, ತಮ್ಮ ಮನೆಯ ತಾಳೆಗರಿಯ ಗ್ರಂಥ ಬದಲಾಗಿದೆ ಎಂದು ಆಚಾರ್ಯರು ದೂರು ಕೊಟ್ಟಿದ್ದರು. ಅದಕ್ಕೆ ಹೊಸ ಹಲಗೆ ಮಾಡಿಕೊಟ್ಟ ಬಡಗಿ ನಜೀರಸಾಬ ಸಂಜೆಯೊಳಗೆ ಕಂಬಿಯ ಹಿಂದೆ ಹೋಗಿದ್ದ. ನಾಳೆ ಮೊದಲ ಬಸ್ಸಿಗೆ ಅವನನ್ನು ಗದಗಿಗೆ ಒಯ್ದು ಕೋರ್ಟಿಗೆ ಹಾಜರು ಮಾಡಿ ಎಂದು ಮೇಲಿನವರು ಟ್ರಂಕ್ ಕಾಲ್ ಮಾಡಿ ಹೇಳಿಯಾಗಿತ್ತು. ಅಲ್ಲಿಂದ ಅವನು ಜೈಲಿಗೆ ಹೋಗುವುದು ಖಾತ್ರಿ. ಅವನು ಕಳ್ಳನಲ್ಲ ಎಂದು ತೋರಿಸಲು ವಿಠೋಬಾನಿಗೆ ಇದ್ದದ್ದು ಇದೊಂದು ಮಧ್ಯಾಹ್ನ, ಮತ್ತು ಕಾಲ ಬಳಿ ಇಟ್ಟುಕೊಂಡಿದ್ದ ಒಂದು ಕೈಚೀಲ.

ಆಚಾರ್ಯರು ಗೂಡಿನಲ್ಲಿ ಕೈಯಾಡಿಸಿದರು. ಪಂಚಾಂಗದ ಕೆಳಗೆ ನೋಡಿದರು. ದೇವರ ಕೋಣೆಗೆ ಹೋಗಿ ಬಂದರು. ಓದುವ ಕನ್ನಡಕ ಎಲ್ಲೂ ಇರಲಿಲ್ಲ. ಅಂಥದೊಂದು ಇತ್ತೆಂದು ವಿಠೋಬಾನಿಗೆ ನಂಬಿಕೆಯೂ ಇರಲಿಲ್ಲ.

ಕೆಂಪು ವಸ್ತ್ರದ ಮೇಲೆ ತಾಳೆಗರಿಯ ಕಟ್ಟು ಬಿಚ್ಚಿಕೊಂಡು ಬಿದ್ದಿತ್ತು. ವಿಠೋಬಾ ಮೇಲಿನ ಒಂದು ಗರಿ ಎತ್ತಿದ.

"ಇದರಾಗ ಏನು ಬರದೈತಿ, ಅಷ್ಟ ಹೇಳ್ರಿ. ಪಂಚನಾಮೆಗೆ ಬೇಕು."

"ಅದು ಮೇಘನಿದಾನ ಅಲ್ಲ."

"ಅಲ್ಲ ಅನ್ನೋದು ನಿನ್ನೆನ ಬರಕೊಂಡೀವಿ. ಹಂಗಾರ ಯಾವುದು?"

"ಯಾವುದೋ ಒಂದು. ಬ್ಯಾರೆ ಗ್ರಂಥ."

"ಒಂದು ಸಾಲು ಓದ್ರಿ."

"ಅದು ಮೈಲಿಗಿ ಆಗೇದ. ಪೊಲೀಸರು ಮುಟ್ಟ್ಯಾರ. ಶುದ್ಧಿ ಆಗೋತನಕಾ ನಾ ಮುಟ್ಟೂದಿಲ್ಲ."

"ನೀವು ಮುಟ್ಟಬ್ಯಾಡ್ರಿ. ನಾ ಆ ಕಂಬದ ಹಂತೇಕ ನಿಂತು ಹಿಡೀತೀನಿ. ದೂರದ ಕನ್ನಡಕ ಹೆಂಗೂ ಹಾಕ್ಕೊಂಡೀರಿ."

ಬಾಗಿಲಲ್ಲಿ ನಿಂತಿದ್ದ ಪೇದೆ ಯಮನೂರಪ್ಪ ಗೋಡೆಯ ಕಡೆ ಮುಖ ತಿರುಗಿಸಿದ. ಆಚಾರ್ಯರ ಕುತ್ತಿಗೆಯ ಮೇಲೆ ಬೆವರು ಇಳಿಯುತ್ತಿತ್ತು.

ಅವರನ್ನು ಹೀಗೆ ಕಾಡುವುದು ವಿಠೋಬಾನಿಗೆ ಹಿತವೆನಿಸಲಿಲ್ಲ. ಸುತ್ತಲಿನ ಊರಿನವರು ಈ ಮನುಷ್ಯನ ಎದುರು ಚಪ್ಪಲಿ ಬಿಟ್ಟು ನಿಲ್ಲುತ್ತಿದ್ದರು. ಯಾವ ಮೋಡ ಯಾವ ದಿಕ್ಕಿಗೆ ಎದ್ದರೆ ಎಷ್ಟು ಮಳೆ, ಯಾವ ನಕ್ಷತ್ರಕ್ಕೆ ಯಾವ ಗಾಳಿ, ಇವೆಲ್ಲ ಇರುವ ಸಂಸ್ಕೃತ ಗ್ರಂಥ ಮೇಘನಿದಾನ. ಬರೆದ ಲಿಪಿ ನಂದಿನಾಗರಿ; ಅದನ್ನು ಓದುವವರು ಈಗ ಹುಡುಕಿದರೂ ಸಿಗುವುದಿಲ್ಲ. ದಸರೆಯ ಮೂಲಾ ನಕ್ಷತ್ರದ ದಿನ ಆಚಾರ್ಯರು ಅದನ್ನು ಸರಸ್ವತಿ ಎಂದು ಪೂಜೆಗೆ ಇಡುತ್ತಿದ್ದರು. ಇಟ್ಟ ಮೇಲೆ ವಿಜಯದಶಮಿಯವರೆಗೆ ಯಾರೂ ಬಿಚ್ಚುವ ಹಾಗಿಲ್ಲ, ಓದುವ ಹಾಗಿಲ್ಲ. ವಿಜಯದಶಮಿಯ ದಿನ ಬಿಚ್ಚಿ, ಗರಿಯ ಮೇಲೆ ಬೆರಳಾಡಿಸುತ್ತ ಅವರು ಓದಿದರೆ ಹಿರೇವಡ್ಡಟ್ಟಿಯಿಂದ, ಮುಂಡರಗಿಯಿಂದ ಬಂದ ಜನ ಹಿಂಗಾರಿ ಬಿತ್ತನೆಯ ಲೆಕ್ಕ ಹಾಕಿಕೊಂಡು ಹೋಗುತ್ತಿದ್ದರು. ಎಂಥ ಕಂಠ ಅದು. ಒಮ್ಮೆ ಕೇಳಿದ್ದ ವಿಠೋಬಾ, ಅರ್ಥವಾಗದಿದ್ದರೂ ಬಿಟ್ಟು ಹೋಗಲು ಮನಸ್ಸಾಗದೆ ಬಿಸಿಲಲ್ಲಿ ನಿಂತಿದ್ದ. ಯಾವುದಕ್ಕೂ ನಿಲ್ಲದ ಅವನ ಕಾಲು ಅಂದು ನಿಂತಿತ್ತು.

ಆದರೆ ನಜೀರಸಾಬ ಒಳಗಿದ್ದ. ವಿಠೋಬಾ ಚೀಲಕ್ಕೆ ಕೈ ಹಾಕಿದ.

ಹೊರಗೆ ಬಂದದ್ದು ಎರಡು ಜೊತೆ ಹಲಗೆಗಳು. ಗರಿಯ ಕಟ್ಟಿನ ಮೇಲೊಂದು ಕೆಳಗೊಂದು ಇಟ್ಟು ದಾರ ಸುತ್ತುವಂಥವು. ಒಂದು ಜೊತೆ ಹೊಸದು, ಬೇವಿನ ಕಟ್ಟಿಗೆಯ ವಾಸನೆ ಇನ್ನೂ ಹೋಗಿರಲಿಲ್ಲ. ಇನ್ನೊಂದು ಹಳೆಯದು, ಅಂಚು ಸೀಳಿತ್ತು.

"ಈ ಹಳೇವು ನಜೀರಸಾಬನ ಅಂಗಡಿಯೊಳಗ ಸಿಕ್ಕಾವು. ನಿಮ್ಮವ ಹೌದಲ್ಲರಿ?"

"ಹೌದು. ನಮ್ಮ ತಂದಿಯವರು ಮಾಡಿಸಿದ್ದು. ನಜೀರನ ಅಪ್ಪ ಬುಡ್ಡೇಸಾಬ ಮಾಡಿಕೊಟ್ಟಿದ್ದ. ಸೀಳಿದ್ದಕ್ಕ ಈ ಸಲ ಹೊಸಾವು ಹಾಕ್ಸಿದೆ."

"ಹಳೇವು ಉದ್ದ ಅದಾವು. ಹೊಸಾವು ಗಿಡ್ಡ. ಗರಿಗೆ ಹೊಸಾವು ಬರೋಬ್ಬರಿ ಕೂಡ್ತಾವು."

ಆಚಾರ್ಯರು ಇದಕ್ಕೆ ತಯಾರಾಗಿಯೇ ಇದ್ದಂತೆ ಕಂಡಿತು. "ಮತ್ತ ಅದನ್ನ ನಾ ಹೇಳ್ಲಿಕ್ಕತ್ತೀನಲ್ಲ. ಅಂವ ಸುಳ್ಳು ಪುಸ್ತಕ ತಂದು ಅದಕ್ಕ ಅಳತಿ ಕೂಡಿಸಿ ಮಾಡ್ಯಾನ. ನಮ್ಮ ಗರಿ ಉದ್ದ ಇದ್ವು."

"ನಾನೂ ಹಂಗ ತಿಳಿದಿದ್ದೆ ನೋಡ್ರಿ. ಹಳೀ ಹಲಿಗಿ ಹೊಳ್ಳಿಸಿ ನೋಡೋತನಕಾ."

ವಿಠೋಬಾ ಹಳೆಯ ಹಲಗೆಯನ್ನು ಮಗುಚಿ ಬಾಗಿಲ ಬೆಳಕಿಗೆ ಹಿಡಿದ.

ತಾಳೆಗರಿಯ ಮೇಲೆ ಅಕ್ಷರ ಬರೆಯುವುದು ಕಬ್ಬಿಣದ ಕಂಟದಿಂದ. ಕೊರೆದ ಗೆರೆ ಕಾಣಲೆಂದು ದೀಪದ ಕಾಡಿಗೆಯನ್ನು ಎಣ್ಣೆಯಲ್ಲಿ ಕಲೆಸಿ ತಿಕ್ಕುತ್ತಾರೆ. ಆ ಎಣ್ಣೆ, ಆ ಕಪ್ಪು, ಗರಿಗೆ ಒತ್ತಿಕೊಂಡ ಹಲಗೆಗೆ ನಿಧಾನವಾಗಿ ಇಳಿಯುತ್ತದೆ. ಈ ಹಲಗೆಯ ಒಳಮೈಯಲ್ಲಿ ಅಂಥ ಕಲೆ ಎರಡಿದ್ದವು. ಒಂದು ಉದ್ದ, ಹಲಗೆಯ ಅಂಚಿನವರೆಗೂ, ತೀರ ಮಾಸಲು. ಅದರ ಮೇಲೆಯೇ ಇನ್ನೊಂದು ಗಿಡ್ಡ, ಕಪ್ಪೆಂದರೆ ಕಪ್ಪು.

ಅವನು ಕಟ್ಟಿನ ಗರಿಯೊಂದನ್ನು ಆ ಕಪ್ಪು ಕಲೆಯ ಮೇಲೆ ಇಟ್ಟ. ಅಂಚಿಗೆ ಅಂಚು ಕೂಡಿತು. ದಾರದ ತೂತಿಗೆ ತೂತೂ ಕೂಡಿತು.

"ಉದ್ದಂದು ನಿಮ್ಮ ಮೇಘನಿದಾನ. ಸ್ವಲ್ಪ ದಿನ ಇತ್ತು, ಹೋತು. ಈ ಗಿಡ್ಡಂದು ಆಮ್ಯಾಲ ಬಂದದ್ದು. ಕಟ್ಟಿಗಿ ಒಳಗ ಹಿಂಗ ಕಪ್ಪು ಇಳೀಬೇಕಂದ್ರ ಎಷ್ಟು ವರ್ಷ ಬೇಕ್ರಿ ಆಚಾರ್ರ? ನಜೀರಸಾಬಗ ಮೀಸಿ ಬರೂಕಿಂತ ಮೊದಲ ಇದು ಇಲ್ಲಿ ಕುಂತೈತಿ."

ಆಚಾರ್ಯರು ಹಲಗೆಯನ್ನೇ ನೋಡುತ್ತಿದ್ದರು. ಮೈಲಿಗೆಯ ಮಾತು ಮರೆತು ಒಂದು ಬೆರಳು ಆ ಕಪ್ಪಿನ ಮೇಲೆ ಇಟ್ಟರು.

"ಪ್ರತಿ ದಸರಾಕ್ಕ ಈ ಗರಿ ಮುಂದಿಟ್ಟಕೊಂಡು ಮಳಿ ಹೇಳೀರಿ," ಎಂದ ವಿಠೋಬಾ. ದನಿ ತಾನಾಗಿಯೇ ಇಳಿದಿತ್ತು. "ಯಾವ ಪುಸ್ತಕ ಓದತಿದ್ರಿ?"

ಓಣಿಯಲ್ಲಿ ಯಾರೋ ಬನ್ನಿ ಹಂಚುತ್ತ ಹೋಗುತ್ತಿದ್ದರು. ಬಂಗಾರ ತಗೋರಿ, ಬಂಗಾರದಂಗ ಇರೂಣು ಎಂಬ ದನಿ ಬಾಗಿಲ ತನಕ ಬಂದು, ಒಳಗೆ ಪೊಲೀಸರನ್ನು ಕಂಡು, ಮುಂದೆ ಹೋಯಿತು.

ಆಚಾರ್ಯರು ಕನ್ನಡಕ ತೆಗೆದು ಧೋತರದ ಚುಂಗಿನಿಂದ ಒರೆಸಿದರು. ಮತ್ತೆ ಹಾಕಿಕೊಳ್ಳಲಿಲ್ಲ.

"ನಮ್ಮ ತಂದಿಯವರು ಬಾಯಿಲೆ ಹೇಳಿಕೊಟ್ರು. ಅವರು ಒಂದು ಸಲ ಹೇಳೋದು, ನಾ ಎರಡು ಸಲ. ಹಂಗ ಪೂರ್ತಿ ಗ್ರಂಥ ಆತು. ಅಕ್ಷರ ಮುಂದಿನ ವರ್ಷ ಕಲಿಸ್ತೀನಿ ಅಂದಿದ್ರು. ಆ ವರ್ಷ ಅವರೇ ಉಳೀಲಿಲ್ಲ."

"ಯಾರ ಕಡಿಂದರೆ ಕಲೀಬಹುದಿತ್ತು."

"ದಸರಾ ಬಂತು, ಜನಾ ಬಂದ್ರು. ನಮ್ಮ ತಾಯಿ ಪುಸ್ತಕ ನನ್ನ ಮುಂದ ಇಟ್ಟಳು. ನಾ ಹೇಳಿದೆ. ಅಂದಾಜಿನ ಮ್ಯಾಲೆ ಗರಿ ಹೊಳ್ಳಿಸಿದೆ. ಎಲ್ಲಾರೂ ಕಾಲಿಗೆ ಬಿದ್ರು. ಕಾಲಿಗೆ ಬಿದ್ದವರ ಮುಂದ ನನಗ ಓದ್ಲಿಕ್ಕೆ ಬರೂದಿಲ್ಲ, ಕಲಸ್ರಿ ಅಂತ ಹೆಂಗ ಕೇಳಲಿ?"

ಅವರು ತಲೆ ಎತ್ತಿದರು. "ಆದ್ರ ಫೌಜದಾರ್ರ, ಒಂದಕ್ಷರ ತಪ್ಪಿಲ್ಲ. ಪುಸ್ತಕ ಸುಳ್ಳಿರಬಹುದು, ನನ್ನ ಬಾಯಾಗಿಂದು ಸುಳ್ಳಲ್ಲ."

ವಿಠೋಬಾನಿಗೆ ಒಳಗೇ ಮರುಕವಾಯಿತು. ಇಡೀ ಗ್ರಂಥ ಈ ಮುದುಕರ ನಾಲಗೆಯ ಮೇಲೆ ಜೀವ ಹಿಡಿದಿತ್ತು, ಮತ್ತು ಅದನ್ನು ಹೆಮ್ಮೆಯಿಂದ ಹೇಳುವ ಭಾಗ್ಯ ಅವರಿಗಿರಲಿಲ್ಲ. ಆದರೆ ಮರುಕದ ಬೆನ್ನಿಗೇ ಇನ್ನೊಂದು ಯೋಚನೆ ಬಂತು. ಅವನು ಎದ್ದು ನಿಂತ, ಒಂದು ಸುತ್ತು ಹಾಕಿದ, ಮತ್ತೆ ಆಚಾರ್ಯರ ಎದುರಿಗೇ ಬಂದ.

"ಹಂಗಾರ ಒಂದು ಮಾತು ಹೇಳ್ರಿ. ಇಷ್ಟು ವರ್ಷ ನಿಮಗ ಗೊತ್ತಾಗಲಿಲ್ಲ. ಗೊತ್ತಾಗೂ ಹಂಗನೂ ಇರಲಿಲ್ಲ. ಈ ಸಲ ಇದು ಬ್ಯಾರೆ ಪುಸ್ತಕ ಅಂತ ನಿಮಗ ಹೇಳಿದವರು ಯಾರು?"

ಆಚಾರ್ಯರು ಕೆಂಪು ವಸ್ತ್ರದ ಅಂಚು ಸರಿಪಡಿಸಿದರು.

"ಯಾರೋ ಓದ್ಯಾರ. ಓದಿ ನಿಮಗ ಹೇಳ್ಯಾರ. ಯಾರ್ರಿ ಅವರು?"

"ನಜಮಾ," ಎಂದರು ಆಚಾರ್ಯರು.

"ಯಾವ ನಜಮಾ?"

"ಅವನ ಮಗಳು. ನಜೀರಂದು."

ನಿನ್ನೆಯಿಂದ ಠಾಣೆಯ ಬೆಂಚು ಬಿಟ್ಟು ಕದಲದ ಹುಡುಗಿ. ಅಪ್ಪನಿಗೆ ಬುತ್ತಿ ತಂದವಳು, ನೀರು ಕೇಳಿದವಳು, ಬೇರೆ ಏನನ್ನೂ ಕೇಳದವಳು. ಧಾರವಾಡದಲ್ಲಿ ಸಂಸ್ಕೃತ ಎಂ.ಎ. ಮಾಡುತ್ತಿದ್ದಾಳೆಂದು ಯಮನೂರಪ್ಪ ಹೇಳಿದ್ದ. ಬಡಗಿಯ ಮಗಳಿಗೆ ಇದೆಂಥ ಓದು ಎಂದು ಅವನು ತಮಾಷೆಗೆ ಹೇಳಿದ್ದನ್ನು ವಿಠೋಬಾ ಒಂದು ಕಿವಿಯಲ್ಲಿ ಕೇಳಿ ಇನ್ನೊಂದರಲ್ಲಿ ಬಿಟ್ಟಿದ್ದ. ತನ್ನ ಮೇಲೆ ತನಗೇ ಸಿಟ್ಟು ಬಂತು.

"ಪೂಜಾಕ್ಕ ಇಡೂ ಹಿಂದಿನ ದಿನ ಹಲಿಗಿ ಹೊತಗೊಂಡು ಅಪ್ಪನ ಸಂಗತೀಲೆ ಬಂದಿದ್ದಳು," ಎಂದರು ಆಚಾರ್ಯರು. "ಅಂವ ದಾರ ಪೋಣಸೂವಾಗ ಗರಿ ಬೆಳಕಿಗೆ ಹಿಡದು ನೋಡಿದಳು. ತುಟಿ ಅಳ್ಳಾಡತಿದ್ವು. ಓದ್ಲಿಕ್ಕತ್ತಾಳ ಅಂತ ನನಗ ಹೊಳೀಲೇ ಇಲ್ಲ. ಆಮ್ಯಾಲ ಅಂವ ಹಿತ್ತಲಕ ಕೈ ತೊಳೀಲಿಕ್ಕೆ ಹೋದಾಗ ಹತ್ರ ಬಂದು, ಯಾರಿಗೂ ಕೇಳಧಂಗ ಅಂದಳು. ಅಜ್ಜಾರ, ಇದು ಮೇಘನಿದಾನ ಅಲ್ರಿ. ಕುದುರಿಗೆ ಹೊಟ್ಟಿ ಉಬ್ಬಿದ್ರ ಏನು ಕುಡಿಸಬೇಕು ಅಂತ ಬರದೈತಿ ಅಂದಳು."

ಯಮನೂರಪ್ಪನಿಗೆ ನಗು ತಡೆಯಲಾಗಲಿಲ್ಲ. ಕೆಮ್ಮು ಬಂದವನಂತೆ ಮಾಡಿ ಹೊರಗೆ ಹೋದ.

"ನಗಲಿ," ಎಂದರು ಆಚಾರ್ಯರು. "ಹೊಟ್ಟಿ ಉಬ್ಬಿದ ಕುದುರಿ ಮುಂದಿಟಗೊಂಡು ಮಳಿ ಹೇಳಿದವನ ಕಂಡ್ರ ಯಾರಾದ್ರೂ ನಗತಾರ."

"ಆಕಿ ನಿಮ್ಮ ಮರ್ಯಾದಿ ಉಳಿಸಿ ಹೇಳ್ಯಾಳ. ನೀವು ಆಕೀ ಅಪ್ಪನ್ನ ಒಳಗ ಹಾಕಿಸಿದ್ರಿ."

"ಮರುದಿನ ಪುಸ್ತಕ ಪೂಜಾಕ್ಕ ಕುಂತುಬಿಡ್ತು. ಬಿಚ್ಚೂ ಹಂಗಿಲ್ಲ, ನೋಡೂ ಹಂಗಿಲ್ಲ. ಅಷ್ಟೂ ದಿನ ನನಗ ಅನ್ನ ಇಳೀಲಿಲ್ಲ. ದಶಮಿ ದಿನ ಆಕಿ ಜನದ ನಡುವ ಎದ್ದು ನಿಂತು ಹೇಳಿಬಿಟ್ರ ಅಂತ ಒಂದೇ ಹೆದರಿಕಿ. ಅದಕ್ಕ ನಾನೇ ಮೊದಲು ಹೇಳಿಬಿಟ್ಟೆ, ಬದಲಾಗೇದ ಅಂತ. ಯಾರು ಮುಟ್ಟಿದ್ರು ಅಂತ ನಿಮ್ಮವರು ಕೇಳಿದ್ರು. ನಜೀರ ಮುಟ್ಟಿದ್ದ. ಹೇಳಿದೆ."

"ಇದನ್ನ ಬರದು ಸಹಿ ಮಾಡ್ರಿ."

"ಮಾಡಿದ್ರ ಊರಾಗ ಹೆಂಗ ತಲಿ ಎತ್ತಲಿ?"

"ಮಾಡದಿದ್ರ ನಜೀರಸಾಬ ಹೆಂಗ ಎತ್ತಬೇಕ್ರಿ?"

ಆಚಾರ್ಯರು ಬರೆದುಕೊಳ್ಳಿ ಎಂದು ಕೈ ಮಾಡಿದರು. ಯಮನೂರಪ್ಪ ಒಳಗೆ ಬಂದು ಅವರು ಹೇಳಿದ್ದನ್ನು ಬರೆದುಕೊಂಡ. ಅವರು ಕೊನೆಗೆ ಕನ್ನಡದಲ್ಲಿ ಸಹಿ ಹಾಕಿದರು. ಅಕ್ಷರ ದುಂಡಗೆ ಇದ್ದವು.

"ಸಂಜೀತನಕ ಯಾರಿಗೂ ಹೇಳಬ್ಯಾಡ್ರಿ," ಎಂದರು. "ಸಂಧ್ಯಾವಂದನಿ ಮುಗಿಸಿ ನಾನೇ ಕಟ್ಟಿ ಮ್ಯಾಲೆ ಕುಂತು ಎಲ್ಲಾರಿಗೂ ಹೇಳ್ತೀನಿ."

ವಿಠೋಬಾ ಹೊಸ್ತಿಲು ದಾಟುತ್ತಿದ್ದಾಗ ಅವರು ಮತ್ತೆ ಕರೆದರು.

"ಎರಡು ವರ್ಷದ ಹಿಂದ ಆ ಹುಡುಗಿ ಬಂದಿದ್ದಳು. ಪುಸ್ತಕ ಒಂದು ಸಲ ನೋಡಬೇಕು ಅಂತ. ಇದು ಓದೋ ಪುಸ್ತಕ ಅಲ್ಲವ್ವಾ, ಪೂಜಾ ಮಾಡೋ ಪುಸ್ತಕ ಅಂತ ಹೇಳಿ ಕಳಿಸಿದೆ. ಎಲ್ಲರೆ ಅದನ್ನೂ ಬರಕೊಂಡು ಬಿಟ್ಟೀರಿ. ಊರಾಗ ಆ ಅಕ್ಷರ ಓದಾಕಿ ಆಕಿ ಒಬ್ಬಾಕಿ. ಅಪ್ಪನ್ನ ಬಿಟ್ಟು ಮಗಳನ್ನ ಹಿಡೀಬ್ಯಾಡ್ರಿ ಮತ್ತ."

ಎಚ್ಚರಿಕೆಯೋ, ಕಳಕಳಿಯೋ, ಅಥವಾ ಕೊನೆಯ ಒಂದು ಕೊಂಕೋ ವಿಠೋಬಾನಿಗೆ ತಿಳಿಯಲಿಲ್ಲ. ಆದರೆ ಮಾತು ಮುಳ್ಳಿನ ಹಾಗೆ ನಟ್ಟಿತು. ಮೇಲಿನವರು ಹಲಗೆಯ ಮೇಲಿನ ಕಲೆ ನೋಡುವವರಲ್ಲ, ಕಾಗದದ ಮೇಲಿನ ಹೆಸರು ನೋಡುವವರು.

ಬಜಾರದಲ್ಲಿ ಪರಿಚಯದವರು ತಡೆದು ತಡೆದು ಕೈಗೆ ಬನ್ನಿ ಕೊಟ್ಟರು. ಅವನು ತೆಗೆದುಕೊಂಡ, ಕೊಟ್ಟವರ ಮುಖ ನೋಡಲಿಲ್ಲ. ಹಲಗೆಯ ಲೆಕ್ಕ ಸರಿಯಿತ್ತು, ಆಚಾರ್ಯರ ಸಹಿ ಜೇಬಿನಲ್ಲಿತ್ತು. ಇಷ್ಟಾದ ಮೇಲೆ ಮನಸ್ಸು ಹಗುರಾಗಬೇಕಿತ್ತು. ಆಗಿರಲಿಲ್ಲ. ಶಿರಹಟ್ಟಿಯ ಬಸ್ಸೊಂದು ಹಾರ್ನ್ ಹೊಡೆಯುತ್ತ ಪಕ್ಕಕ್ಕೇ ಬಂದಾಗ ಯಮನೂರಪ್ಪ ಅವನ ರಟ್ಟೆ ಹಿಡಿದು ಎಳೆಯಬೇಕಾಯಿತು.

ಠಾಣೆಯ ಬೆಂಚಿನ ಮೇಲೆ ನಜಮಾ ಕೂತಿದ್ದಳು. ಪಕ್ಕದಲ್ಲಿ ಬುತ್ತಿಯ ಡಬ್ಬಿ ತೆರೆದಿತ್ತು; ಕಂಬಿಯ ಸಂದಿನಿಂದ ಅಪ್ಪನಿಗೆ ರೊಟ್ಟಿ ಕೊಡುತ್ತಿದ್ದಳು. ಫೌಜದಾರನನ್ನು ಕಂಡು ಎದ್ದು ನಿಂತಳು.

"ಕುಂಡ್ರವಾ," ಎಂದ ವಿಠೋಬಾ. ಕಂಬಿಯ ಹತ್ತಿರ ಹೋದ. "ನಜೀರಸಾಬ, ನಾಳೆ ನೀ ಗದಗಿಗೆ ಹೋಗೂದು ತಪ್ಪಿತು. ಆಚಾರ್ರು ಎಲ್ಲಾ ಬರಸಿಕೊಟ್ಟಾರ."

ನಜೀರಸಾಬ ನಗಲಿಲ್ಲ. ಕೈಯಲ್ಲಿದ್ದ ರೊಟ್ಟಿಯನ್ನು ಡಬ್ಬಿಯ ಮುಚ್ಚಳದ ಮೇಲೆ ಇಟ್ಟ.

"ಏನು ಬರಸ್ಯಾರ್ರಿ?"

"ಅವರಿಗೆ ಅದನ್ನ ಓದಾಕ ಬರಂಗಿಲ್ಲಂತ. ಪುಸ್ತಕ ಬ್ಯಾರೆ ಐತಿ ಅಂತ ಗುರುತು ಹಿಡದು ಹೇಳಿದಾಕಿ ನಿನ್ನ ಮಗಳಂತ."

ಒಂದು ರಾತ್ರಿ, ಒಂದು ಹಗಲು ಕಂಬಿಯ ಹಿಂದೆ ಕೂತರೂ ಹೆದರದಿದ್ದ ಮನುಷ್ಯ ಈಗ ಹೆದರಿದ್ದ.

"ಆಕೀ ಹೆಸರು ಬರದೀರೇನ್ರಿ?"

"ಬರೀಲಿಲ್ಲಂದ್ರ ನೀ ಹೆಂಗ ಹೊರಗ ಬರ್ತೀ?"

"ಹರದು ಒಗೀರಿ ಅದನ್ನ." ಅವನು ಕಂಬಿ ಹಿಡಿದುಕೊಂಡ. "ನಾನ ಕದ್ದೀನಿ. ಬರಕೋರಿ, ಹೆಬ್ಬಟ್ಟು ಒತ್ತತೀನಿ."

ವಿಠೋಬಾನಿಗೆ ರೇಗಿತು. ಬೆಳಗಿನಿಂದ ಈ ಮನುಷ್ಯನಿಗಾಗಿ ಅಲೆದದ್ದು, ಒಬ್ಬ ಮುದುಕರ ಮಾನವನ್ನು ಕಾಗದಕ್ಕೆ ಇಳಿಸಿಕೊಂಡು ಬಂದದ್ದು, ಎಲ್ಲ ಇವನು ಒಂದು ಮಾತಿನಲ್ಲಿ ಮಣ್ಣುಪಾಲು ಮಾಡಲು ನಿಂತಿದ್ದ.

"ಸುಳ್ಳು ಹೇಳಬ್ಯಾಡಲೇ. ಪುಸ್ತಕ ಬದಲಾಗಿ ಜಮಾನಾ ಆಗೈತಿ. ಹಲಿಗಿನ ಹೇಳ್ತೈತಿ. ಆವಾಗ ನೀ ತೊಟ್ಟಿಲದಾಗ ಇದ್ದಿಯೋ ಇಲ್ಲೋ. ಮಗಳ ಮ್ಯಾಲೆ ಬರ್ತೈತಿ ಅಂತ ನೀ ಹೊತಗೊಳ್ಳಾಕತ್ತೀ, ನನಗ ತಿಳೀತೈತಿ. ಆಕಿಗೆ ಏನೂ ಆಗಂಗಿಲ್ಲ, ನಾ ಇದೀನಿ."

"ನಾನ ಕದ್ದೀನ್ರಿ."

"ಕದ್ದಿದ್ರ ಪುಸ್ತಕ ಎಲ್ಲೈತಿ? ಹೇಳು ನೋಡೂಣು."

ಹಳ್ಳಕ್ಕೆ ಎಸೆದೆ, ಒಲೆಗೆ ಹಾಕಿದೆ, ಹುಬ್ಬಳ್ಳಿಯವರಿಗೆ ಮಾರಿದೆ, ಇಂಥದ್ದೊಂದು ಸುಳ್ಳು ಬರುತ್ತದೆ ಎಂದು ವಿಠೋಬಾ ಕಾದಿದ್ದ. ಅದನ್ನು ಹೇಗೆ ಮುರಿಯಬೇಕೆಂದು ಯೋಚಿಸಿಯೂ ಆಗಿತ್ತು.

"ನಮ್ಮ ಮನ್ಯಾಗ ಐತ್ರಿ," ಎಂದ ನಜೀರಸಾಬ. "ಅಟ್ಟದ ಮ್ಯಾಲೆ, ನಮ್ಮಪ್ಪನ ಪೆಟಿಗ್ಯಾಗ. ಉದ್ದ ಗರಿ. ಬರ್ರಿ ಬೇಕಾರ, ತೋರಸ್ತೀನಿ."

ಯಮನೂರಪ್ಪನ ಪೆನ್ನು ನಿಂತಿತು.

ಇದೂ ಸುಳ್ಳೇ ಇರಬೇಕು ಎಂದುಕೊಂಡು ವಿಠೋಬಾ ನಜಮಾಳ ಕಡೆ ತಿರುಗಿದ. ಇಲ್ರೀ, ಅಪ್ಪ ನನ್ನ ಸಲುವಾಗಿ ಸುಳ್ಳು ಹೇಳತಾನ ಎಂದು ಅವಳು ಈಗ ಅಳುತ್ತಾಳೆ, ಕೈ ಮುಗಿಯುತ್ತಾಳೆ ಎಂದುಕೊಂಡಿದ್ದ. ಅವಳು ಅಳಲಿಲ್ಲ. ಫೌಜದಾರನನ್ನು ನೋಡಲೂ ಇಲ್ಲ. ಅವಳ ಕಣ್ಣು ಅಪ್ಪನ ಮೇಲೆಯೇ ಇತ್ತು.

"ಅಬ್ಬಾ," ಎಂದು ಅಪ್ಪನನ್ನು ಕರೆದಳು ಮೆಲ್ಲಗೆ, "ಅಜ್ಜನ ಪೆಟಿಗ್ಯಾಗ ಅದು ಐತಿ ಅಂತ ನಿನಗ ಯಾವಾಗ ಗೊತ್ತಾತು?"